ಸರದಿ ಬದಲಾಗಿದೆ

ಪ್ರೊಫೆಸರ್ ಹಮ್ಮೂದಾ ಬಾಯಿ ತೆರೆಯುವ ಮುಂಚೆ ಅವರ ಮೂಗಿನಿಂದ ಸಣ್ಣದೊಂದು ಸಿಳ್ಳೆ ಹೊರಡುತ್ತದೆ, ಕುದಿಯಲೋ ಬೇಡವೋ ಎಂದು ಯೋಚಿಸುತ್ತಿರುವ ಚಹಾ ಪಾತ್ರೆಯ ಹಾಗೆ. ಆಮೇಲೊಂದು ‘ಅಂದರೆ’, ಆಮೇಲೆ ಮಾತು, ಮಾತಿನ ಬಾಲಕ್ಕೊಂದು ‘ಸರಿಯಷ್ಟೆ?’. ಅವರಿಗೆ ಹೆಂಗಸರೆಲ್ಲ ‘ಮಗಳೇ’, ಗಂಡಸರೆಲ್ಲ ‘ಮಗನೇ’. ತಮಗಿಂತ ಹತ್ತು ವರ್ಷ ದೊಡ್ಡವನಾದ ಗೇಟಿನ ಕಾವಲುಗಾರನೂ ಮಗನೇ. ಇಷ್ಟನ್ನೂ ನಮ್ಮ ಆಸ್ಪತ್ರೆಯಲ್ಲಿ ಪ್ರೊಫೆಸರರಿಗಿಂತ ಚೆನ್ನಾಗಿ ಮಾಡುತ್ತಿದ್ದವನು ಫಿಸಿಯೋ ಷೆಡ್ಲಿ.

ಮೀನು ಹರಾಜಿನ ದಲ್ಲಾಳಿ, ಕೆಟ್ಟುಹೋದ ಆಂಬುಲೆನ್ಸಿನ ಸೈರನ್, ಟಿವಿಯಲ್ಲಿ ಹವಾಮಾನ ಹೇಳುವಾಕೆ, ಎಲ್ಲರೂ ಅವನ ಗಂಟಲಲ್ಲಿ ಬಾಡಿಗೆಗಿದ್ದರು. ಆದರೆ ಪ್ರೊಫೆಸರ್ ಮಾತ್ರ ಅಲ್ಲಿ ಸ್ವಂತ ಮನೆ ಕಟ್ಟಿಕೊಂಡಿದ್ದರು. ವ್ಯಾಯಾಮದ ಕೋಣೆಯಲ್ಲಿ ನೋವಿನಿಂದ ಮುಖ ಕಿವುಚಿದ ರೋಗಿಗೆ ಷೆಡ್ಲಿ ಆ ಸ್ವರದಲ್ಲಿ, “ಅಂದರೆ ಮಗನೇ, ಕೈ ನಿನ್ನದು, ಕಿರುಚಾಟ ಸರ್ಕಾರದ್ದು, ಸರಿಯಷ್ಟೆ?” ಅಂದರೆ ರೋಗಿ ನಗುತ್ತಿದ್ದ. ನಕ್ಕಾಗ ಸ್ನಾಯು ಸಡಿಲವಾಗುತ್ತಿತ್ತು. ಅಷ್ಟರಲ್ಲಿ ಷೆಡ್ಲಿ ಇನ್ನೊಂದು ಬೆರಳಿನಷ್ಟು ಕೈ ಮೇಲೆತ್ತಿ, “ಇನ್ನೊಮ್ಮೆ” ಅನ್ನುತ್ತಿದ್ದ. ಅನುಕರಣೆಯನ್ನು ಔಷಧಿ ಮಾಡಿಕೊಂಡವನು ಅವನೊಬ್ಬನೇ ಇರಬೇಕು. ಔಷಧಿ ಅತಿಯಾದರೆ ಏನಾಗುತ್ತದೆಂದು ಆಸ್ಪತ್ರೆಯವರಿಗೆ ಬೇರೆ ಹೇಳಬೇಕಿಲ್ಲ.

ನಮ್ಮ ರಾಸ್ ಲಹ್ಮರ್‌ನಲ್ಲಿ ಭುಜ ಜಾರುವವರಿಗೆ ಬರವಿಲ್ಲ. ಅರ್ಧ ಊರು ಸಮುದ್ರಕ್ಕೆ ಬಲೆ ಬೀಸುತ್ತದೆ, ಉಳಿದರ್ಧ ಹ್ಯಾಂಡ್‌ಬಾಲ್ ಅಂಗಣದಲ್ಲಿ ಗೋಲಿಗೆ ಚೆಂಡು ಬೀಸುತ್ತದೆ. ಒಮ್ಮೆ ಕೀಲು ತಪ್ಪಿದ ಭುಜಕ್ಕೆ ಮನೆ ಬಿಟ್ಟು ಹೋಗುವ ಚಟ ಹತ್ತುತ್ತದೆ. ಅಂಗಿ ತೊಡುವಾಗ ಜಾರುತ್ತದೆ, ಆಕಳಿಸಿ ಮೈಮುರಿದರೆ ಜಾರುತ್ತದೆ. ಇದಕ್ಕೆ ಹಳೆಯ ಶಸ್ತ್ರಚಿಕಿತ್ಸೆಯೆಂದರೆ ಪಕ್ಕದ ಮೂಳೆಯ ಒಂದು ತುಂಡನ್ನು ಕತ್ತರಿಸಿ, ಭುಜದ ಬಟ್ಟಲಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸುವುದು. ಹೊಸಿಲಿಗೆ ಇನ್ನೊಂದು ಹಲಗೆ ಹೊಡೆದ ಹಾಗೆ. ಹೊಸದರಲ್ಲಿ ಮೂಳೆ ಮುಟ್ಟುವುದಿಲ್ಲ. ಸಣ್ಣ ತೂತಿನಲ್ಲಿ ಕ್ಯಾಮೆರಾ ಇಳಿಸಿ, ರೋಗಿಯ ತೋಳಿನದೇ ಒಂದು ಸ್ನಾಯುರಜ್ಜುವನ್ನು ಬೆಲ್ಟಿನಂತೆ ಎಳೆದು ಕಟ್ಟುತ್ತಾರೆ. ಎರಡರಲ್ಲಿ ಯಾವುದು ಮೇಲು ಎಂದು ಪರೀಕ್ಷಿಸಲು ಪ್ರೊಫೆಸರ್ ಹೊರಟಿದ್ದರು. ಯಾರಿಗೆ ಯಾವುದು ಎಂಬುದನ್ನು ಅವರೂ ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ದೂರದ ಸ್ಫಾಕ್ಸ್ ನಗರದ ಒಂದು ಕಚೇರಿಯಲ್ಲಿ ಕೂತ ಸಲ್ವಾ ಎಂಬ ಹುಡುಗಿ, ರೋಗಿ ಮೇಜಿನ ಮೇಲೆ ಮಲಗಿದ ಮೇಲೆ ಫೋನಿನಲ್ಲಿ ಚೀಟಿ ಹೇಳಬೇಕು: ಹಳೆಯದು, ಇಲ್ಲವೇ ಹೊಸದು.

ರೋಗಿಗಳೆಲ್ಲ ತಲೆಯಾಡಿಸಿ ಒಪ್ಪಿಗೆ ಕೊಟ್ಟರು. ಹೊರಗೆ ಬಂದವರೇ ಗೇಟಿನ ಅಬ್ದೆಲ್ಕಾದರನ ಹತ್ತಿರ ಪಿಸುಗುಟ್ಟಿದರು, “ಈ ಚೀಟಿ ಎತ್ತೋರು ಯಾರ ಕಡೆಯವರು?”

ನಮ್ಮಲ್ಲಿ ವಶೀಲಿಗೆ ಭುಜ ಅನ್ನುತ್ತೇವೆ. ಪಾಸ್‌ಪೋರ್ಟ್ ಬೇಗ ಬಂದರೆ ಅವನಿಗೆ ಭುಜವಿದೆ, ಬರದಿದ್ದರೆ ಪಾಪ, ಅವನಿಗೆ ಭುಜವಿಲ್ಲ. ಭುಜವಿಲ್ಲದೆ ಈ ದೇಶದಲ್ಲಿ ಭುಜದ ಆಪರೇಷನ್ ಹೇಗೆ ಆದೀತು ಎಂಬುದು ಊರಿಗೆ ಅರ್ಥವಾಗಲೇ ಇಲ್ಲ.

ವಜ್ದಿಯ ತಾಯಿ ಮನ್ನೂಬಿಯಾ ಷೆಡ್ಲಿಯ ಮನೆಗೆ ಬಂದದ್ದು ಒಂದು ಮಧ್ಯಾಹ್ನ. ಇಡೀ ಓಣಿಗೆ ಆಕೆ ಖಾಲ್ತಿ, ಅಂದರೆ ಚಿಕ್ಕಮ್ಮ. ವಜ್ದಿ ಊರಿನ ಹ್ಯಾಂಡ್‌ಬಾಲ್ ತಂಡದ ಹುಲಿ. ಅವನ ಬಲಭುಜ ಆ ವರ್ಷ ಅಂಗಣದಲ್ಲೇ ಮೂರು ಸಲ ಕಳಚಿತ್ತು. ಷೆಡ್ಲಿಯ ತಾಯಿ ಹಾಸಿಗೆ ಹಿಡಿದ ಚಳಿಗಾಲದಲ್ಲಿ ಅವಳನ್ನು ದಿನಾ ಮಗ್ಗುಲು ಬದಲಿಸಿ, ಮೈ ಒರೆಸಿ, ಕೊನೆಯ ನೀರು ಹಾಕಿದವಳು ಈ ಮನ್ನೂಬಿಯಾ. ಆಕೆ ಎಂದೂ ಅದರ ಮಾತೆತ್ತಿದವಳಲ್ಲ. ಅಂದೂ ಎತ್ತಲಿಲ್ಲ. ಸುಮ್ಮನೆ ಅವನ ತಾಯಿ ಕೂರುತ್ತಿದ್ದ ಗಿಡ್ಡ ಪೀಠದ ಮೇಲೆ ಕೂತಳು, ಅಷ್ಟೆ.

“ಚೀಟಿ ಎತ್ತುತ್ತಾರಂತೆ. ನನ್ನ ಮಗ ಏನು ಹಬ್ಬದ ಕುರಿನಾ?”

“ಎಲ್ಲರಿಗೂ ಚೀಟಿನೇ ಖಾಲ್ತಿ. ಮಂತ್ರಿ ಮಗ ಬಂದ್ರೂ ಚೀಟಿನೇ.”

“ಮಂತ್ರಿ ಮಗ ಇಲ್ಲಿಗ್ಯಾಕೆ ಬರ್ತಾನೆ, ಪ್ಯಾರಿಸ್ಸಿಗೆ ಹೋಗ್ತಾನೆ. ಚೀಟಿ ಇರೋದು ಭುಜ ಇಲ್ಲದೋರಿಗೆ. ನಮಗೆ ನೀನಿದ್ದೀಯಲ್ಲ.”

“ನಾನು ಅಲ್ಲಿ ಕೈ ಎತ್ತಿಸೋನು. ಚೀಟಿ ಎತ್ತೋನಲ್ಲ.”

“ಸ್ಕ್ರೂ ಹಾಕಿಸಿಕೊಂಡ್ರೆ ಕೈ ಹಿಂದಕ್ಕೆ ತಿರುಗಲ್ಲವಂತೆ, ಕೋಚ್ ಹೇಳ್ದ. ತಿರುಗದಿದ್ರೆ ಎಸೆಯೋದೇನು? ಎಸೆಯದಿದ್ರೆ ಅವನು ಅವನಪ್ಪನ ಥರ ಕೆಫೆ ಕುರ್ಚಿ ಸವೆಸ್ತಾನೆ.” ಆಕೆ ಎದ್ದಳು. “ನಾನೇನೂ ಕೇಳಲಿಲ್ಲ ಮಗಾ. ನಿಮ್ಮಮ್ಮನಿಗೆ ಅಲ್ಲಾಹು ಕರುಣೆ ತೋರಲಿ.”

ಏನೂ ಕೇಳದೆ ಎಲ್ಲವನ್ನೂ ಕೇಳುವುದು ಹೇಗೆಂದು ಮನ್ನೂಬಿಯಾಳಿಂದ ಕಲಿಯಬೇಕು.

ಆಪರೇಷನ್ನಿನ ಬೆಳಿಗ್ಗೆ ಇಬ್ಬರಿದ್ದರು. ಮೊದಲು ವಜ್ದಿ. ಅವನ ನಂತರ ಸಾಸಿ ಎಂಬ ಮೀನುಗಾರ, ನಲವತ್ತರ ಆಸುಪಾಸಿನವನು, ಬಲೆ ಬೀಸುವಾಗ ಭುಜ ಕಳಚಿ ನೀರಿಗೆ ಬಿದ್ದವನು. ಈ ಸರದಿಯನ್ನು ಚೀಟಿ ಹೇಳುವ ಮುಂಚೆಯೇ ಸಲ್ವಾಗೆ ತಿಳಿಸಿಬಿಡಬೇಕು. ಆಮೇಲೆ ಅದನ್ನು ಬದಲಿಸುವುದಿದ್ದರೆ ಪ್ರೊಫೆಸರ್ ಒಬ್ಬರೇ ಬದಲಿಸಬೇಕು. “ಅಂದರೆ, ನನ್ನ ಸ್ವರ ಕೇಳಿದರೆ ಮಾತ್ರ ಮಗಳೇ” ಎಂದು ಅವರೇ ಆಕೆಗೆ ಹೇಳಿಟ್ಟಿದ್ದರು. ಬಾಗಿಲಿಗೆ ಬೀಗ ಭದ್ರವಾಗಿತ್ತು. ಕೀಲಿಕೈ ಷೆಡ್ಲಿಯ ಗಂಟಲಲ್ಲಿತ್ತು.

ವಜ್ದಿಗೆ ಪ್ರಜ್ಞೆ ತಪ್ಪಿಸಿದ ಮೇಲೆ ಪ್ರೊಫೆಸರ್ ಕೈ ತೊಳೆಯಲು ಹೋದರು. ಪರೀಕ್ಷೆಯ ಫೋನ್ ಹಿಡಿಯುವ ಕೆಲಸ ಷೆಡ್ಲಿಯದಾಗಿತ್ತು.

“ಮೊದಲನೆಯವರಿಗೆ ಹಳೆಯದು” ಎಂದಳು ಸಲ್ವಾ.

ಫೋನ್ ಇಟ್ಟ. ಗಾಜಿನಾಚೆ ವಜ್ದಿಯ ತೋಳು ಹಸಿರು ಬಟ್ಟೆಯ ನಡುವೆ ಬೆತ್ತಲೆಯಾಗಿ, ಯಾರದ್ದೋ ಎಂಬಂತೆ ಬಿದ್ದಿತ್ತು. ಷೆಡ್ಲಿ ಪಕ್ಕದ ಬಟ್ಟೆ ಕೋಣೆಗೆ ಹೋದ. ಒಗೆದ ಹೊದಿಕೆಗಳ ನಡುವೆ ನಿಂತು ಮತ್ತೆ ಅದೇ ನಂಬರ್ ಒತ್ತಿದ. ಮೂಗಿನಲ್ಲಿ ಸಿಳ್ಳೆ ಹೊರಡಿಸಿದ.

“ಅಂದರೆ... ಸಲ್ವಾ, ಮಗಳೇ, ಸರದಿ ಬದಲಾಗಿದೆ. ಆಟಗಾರನ ಅರಿವಳಿಕೆ ತಡವಾಯ್ತು, ಮೀನುಗಾರ ಮೊದಲು ಬಂದಿದ್ದಾನೆ. ನೀನೀಗ ಹೇಳಿದ್ದು ಮೀನುಗಾರನದ್ದು, ಸರಿಯಷ್ಟೆ? ಎರಡನೆಯದು ಏನಿದೆ?”

“ಹೊಸದು ಸರ್.”

“ಅದು ಆಟಗಾರನಿಗೆ. ಬರೆದುಕೋ ಮಗಳೇ.”

ಪ್ರೊಫೆಸರ್ ಒದ್ದೆ ಕೈಗಳನ್ನು ಮೇಲೆತ್ತಿಕೊಂಡು ಬಂದು, “ಅಂದರೆ?” ಅಂದರು.

“ಹೊಸದು” ಎಂದ ಷೆಡ್ಲಿ, ತನ್ನದೇ ಸ್ವರದಲ್ಲಿ. ಆ ಸ್ವರ ಅವನಿಗೆ ಯಾರದ್ದೋ ಅನಿಸಿತು. ಸಾಸಿಯ ಸರದಿ ಬಂದಾಗಲೂ ಅವನೇ ಹೇಳಿದ: ಹಳೆಯದು.

ವಜ್ದಿಯ ಭುಜ ಮದುವೆಯಾದ ಪೋಲಿಯಂತೆ ಮನೆ ಹಿಡಿದು ಕೂತಿತು. ಮುಂದಿನ ಋತುವಿಗೆ ಅವನು ಅಂಗಣಕ್ಕಿಳಿದ. ಕೈ ಹಿಂದಕ್ಕೆ ಬಾಗಿ, ಬಿಲ್ಲಾಗಿ, ಚೆಂಡು ಬಲೆಗೆ. ಮನ್ನೂಬಿಯಾ ಷೆಡ್ಲಿಯ ಬಾಗಿಲಿಗೆ ಬಾದಾಮಿ ಸಿಹಿಯ ತಟ್ಟೆ ತಂದಿಟ್ಟಳು. ಅವನು ಅದನ್ನು ಆಸ್ಪತ್ರೆಗೆ ಒಯ್ದು ನಮಗೆಲ್ಲ ಹಂಚಿದ. ತಾನು ಮುಟ್ಟಲಿಲ್ಲ. ಹಲ್ಲುನೋವು ಅಂದ.

ಸಾಸಿಯ ಭುಜವೂ ಮತ್ತೆ ಜಾರಲಿಲ್ಲ. ಮೂಳೆ ಚೆನ್ನಾಗಿ ಕೂತಿತು, ಎಷ್ಟು ಚೆನ್ನಾಗಿ ಎಂದರೆ ಅಲುಗಾಡಲೂ ಒಪ್ಪಲಿಲ್ಲ. ಎಳೆಯಬಲ್ಲ, ಎತ್ತಬಲ್ಲ, ಆದರೆ ತೋಳನ್ನು ಹೊರಕ್ಕೆ ತಿರುಗಿಸಿ ಹಿಂದಕ್ಕೆ ಒಯ್ಯಲಾರ. ಬೀಸುಬಲೆಗೆ ಬೇಕಾದದ್ದು ಆ ಒಂದೇ ತಿರುವು. ಅದಿಲ್ಲದೆ ಅವನು ಹಗ್ಗಕ್ಕೆ ಮಣ್ಣಿನ ಮಡಕೆ ಕಟ್ಟಿ ಇಳಿಸಿ ಆಕ್ಟೋಪಸ್ ಹಿಡಿಯುವುದಕ್ಕೆ ಇಳಿದ. ಅದು ಮುದುಕರ ಕಸುಬು. ಆಕ್ಟೋಪಸ್ ತಾನೇ ಬಂದು ಮಡಕೆಯಲ್ಲಿ ಮಲಗುತ್ತದೆ, ಎಳೆದರಾಯಿತು.

ವಾರ ವಾರ ಸಾಸಿ ವ್ಯಾಯಾಮಕ್ಕೆ ಬರುತ್ತಿದ್ದ. ಬರುವಾಗಲೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಆಕ್ಟೋಪಸ್.

“ಯಾಕಣ್ಣ ಇದೆಲ್ಲ?”

“ತಗೋ ಮಾರಾಯ. ಎಂಟು ಕೈ ಇದಕ್ಕೆ. ನನಗೊಂದನ್ನ ಸರಿ ಮಾಡಿಕೊಡು ಸಾಕು.”

ಷೆಡ್ಲಿ ನಗಲು ನೋಡುತ್ತಿದ್ದ. ಸಾಸಿಯ ಮೊಣಕೈಯನ್ನು ಅವನ ಪಕ್ಕೆಗೊತ್ತಿ, ಮುಂಗೈ ಹಿಡಿದು ನಿಧಾನವಾಗಿ ಹೊರಕ್ಕೆ ತಿರುಗಿಸುತ್ತಿದ್ದ. ಒಂದು ಹಂತದಲ್ಲಿ ಒಳಗೇನೋ ಗೋಡೆಗೆ ತಾಗಿದಂತೆ ನಿಂತುಬಿಡುತ್ತಿತ್ತು. ಸಾಸಿಯ ಹಣೆಯಲ್ಲಿ ಬೆವರು.

“ಇನ್ನೊಮ್ಮೆ” ಎನ್ನುತ್ತಿದ್ದ ಷೆಡ್ಲಿ.

“ಪ್ರೊಫೆಸರ್ ಥರ ಹೇಳು, ನಗು ಬರುತ್ತೆ, ನೋವು ಗೊತ್ತಾಗಲ್ಲ” ಎನ್ನುತ್ತಿದ್ದ ಸಾಸಿ.

ಷೆಡ್ಲಿ ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಅದು ನಮಗೂ ಗೊತ್ತಾಯಿತು. ಆಂಬುಲೆನ್ಸ್ ಇತ್ತು, ದಲ್ಲಾಳಿ ಇದ್ದ, ಪ್ರೊಫೆಸರ್ ಮಾತ್ರ ಮನೆ ಖಾಲಿ ಮಾಡಿಕೊಂಡು ಹೋಗಿದ್ದರು. ಕೇಳಿದರೆ ಶೀತ ಅಂದ. ನಮ್ಮೂರಿನ ಸುಡುಬಿಸಿಲಿನ ಆಗಸ್ಟಿನಲ್ಲಿ ಶೀತ.

ಅವನು ಮನೆಯಲ್ಲಿ ಸಾಸಿಯ ಆಕ್ಟೋಪಸ್ಸನ್ನು ಕಲ್ಲಿಗೆ ಬಡಿದು ಮೆದು ಮಾಡಿ, ಗೋಧಿ ರವೆ ಬೆರೆಸಿ ಕುಸ್ಕುಸ್ ಮಾಡಿ, ಎದುರಿಗಿಟ್ಟುಕೊಂಡು, ತಿನ್ನದೆ, ನೆರೆಮನೆಗೆ ಕಳಿಸುತ್ತಿದ್ದ. ನೆರೆಮನೆಯೆಂದರೆ ಮನ್ನೂಬಿಯಾಳದ್ದು. ವಜ್ದಿ ಚೆನ್ನಾಗಿ ತಿಂದು ಗಟ್ಟಿಯಾಗುತ್ತಿದ್ದ. ಸಾಸಿಯದ್ದೆಲ್ಲ ಹೀಗೆ ಒಂದೊಂದಾಗಿ ವಜ್ದಿಯ ಪಾಲಿಗೆ ಹೋಗುತ್ತಿದೆ ಎಂದು ಷೆಡ್ಲಿಗೆ ತೋಚಿದ್ದು ಖಾಲಿ ಪಾತ್ರೆ ವಾಪಸು ಬಂದ ಮೇಲೆ.

ಕೊನೆಯ ರೋಗಿಯ ಕೊನೆಯ ತಪಾಸಣೆ ಮುಗಿದಾಗ ಪ್ರೊಫೆಸರ್ ಎಲ್ಲರನ್ನೂ ಆಸ್ಪತ್ರೆಯಲ್ಲೇ ಶುಕ್ರವಾರದ ಕುಸ್ಕುಸ್‌ಗೆ ಕರೆದರು. ಸ್ಫಾಕ್ಸ್‌ನಿಂದ ಸಲ್ವಾ ಕೂಡ ಬಂದಿದ್ದಳು. ಫೋನಿನ ಆಚೆಗಿನ ಆಕೆಗೆ ಮುಖವೂ ಇದೆ, ಅದರಲ್ಲಿ ಕನ್ನಡಕವೂ ಇದೆ ಎಂದು ನಮಗೆ ಅಂದೇ ತಿಳಿದದ್ದು. ದೊಡ್ಡ ತಟ್ಟೆಯ ಸುತ್ತ ಚಮಚ ಹಿಡಿದು ಕೂತೆವು.

“ಅಂದರೆ, ಹೊಸದು ಒಂದು ಕೂದಲೆಳೆ ಮುಂದಿದೆ ಅನಿಸುತ್ತೆ, ಸರಿಯಷ್ಟೆ?” ಎಂದರು ಪ್ರೊಫೆಸರ್. “ಆದರೆ ಹಳೆಯದರಲ್ಲಿ ಒಂದು ಭುಜ ನನ್ನನ್ನ ಚುಚ್ಚುತ್ತೆ. ಆ ಮೀನುಗಾರ. ನನ್ನ ಕೈಯಿಂದ ಏನು ತಪ್ಪಾಯ್ತೋ ಅಂತ ಅವನ ಎಕ್ಸ್‌ರೇ ಎಷ್ಟು ಸಲ ತೆಗೆದು ನೋಡಿದ್ದೀನೋ. ಸ್ಕ್ರೂ ಒಂದೆಳೆ ಆಚೀಚೆ ಆಯ್ತಾ, ಏನು ಕತೆ. ನಿದ್ದೆ ಬರಲ್ಲ.”

ಷೆಡ್ಲಿ ಚಮಚ ಕೆಳಗಿಟ್ಟ. ಪ್ರೊಫೆಸರರ ನಿದ್ದೆಯನ್ನೂ ತಾನೇ ತೆಗೆದುಕೊಂಡಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ.

“ಇರಲಿ ಬಿಡಿ” ಎಂದರು ಅವರು, ನಮ್ಮ ಮುಖ ನೋಡಿ. “ಷೆಡ್ಲಿ, ಮಗನೇ, ನೀನು ನನ್ನನ್ನ ಆಡ್ತೀಯಂತೆ. ವರ್ಷಗಳಿಂದ ಎಲ್ಲರೂ ನೋಡಿದ್ದಾರೆ, ನಾನೊಬ್ಬ ನೋಡಿಲ್ಲ. ಎಲ್ಲಿ, ಸ್ವಲ್ಪ ಆಡು, ಸರಿಯಷ್ಟೆ?”

“ಗಂಟಲು ಸರಿಯಿಲ್ಲ ಸರ್.”

“ನನ್ನದೂ ಸರಿಯಿಲ್ಲ, ಅದಕ್ಕೇ ಚೆನ್ನಾಗಿ ಬರುತ್ತೆ. ಆಡು.”

ನಾವೆಲ್ಲ ಚಮಚದಿಂದ ತಟ್ಟೆ ಬಡಿದೆವು. ಷೆಡ್ಲಿ ಎಲ್ಲರನ್ನೂ ಒಮ್ಮೆ ನೋಡಿದ. ಸಲ್ವಾಳ ಮೇಲೆ ಕಣ್ಣು ನಿಲ್ಲಿಸಿದ. ಸಿಳ್ಳೆ ಬಂತು, ಸಣ್ಣಗೆ, ಸ್ಪಷ್ಟವಾಗಿ.

“ಅಂದರೆ... ಸಲ್ವಾ, ಮಗಳೇ, ಸರದಿ ಬದಲಾಗಿದೆ. ಆಟಗಾರನ ಅರಿವಳಿಕೆ ತಡವಾಯ್ತು, ಮೀನುಗಾರ ಮೊದಲು ಬಂದಿದ್ದಾನೆ. ನೀನೀಗ ಹೇಳಿದ್ದು ಮೀನುಗಾರನದ್ದು, ಸರಿಯಷ್ಟೆ?”

ನಾವು ಹೊಟ್ಟೆ ಹಿಡಿದು ನಕ್ಕೆವು. ಪ್ರೊಫೆಸರ್ ಎಲ್ಲರಿಗಿಂತ ಜೋರಾಗಿ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು. ನಗದೆ ಕೂತವಳು ಸಲ್ವಾ. ಅವಳ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು.

“ಅದನ್ನ ನೀವು ನಿಜಕ್ಕೂ ಹೇಳಿದ್ರಿ ಸರ್” ಎಂದಳು. “ಇದೇ ಮಾತು. ಆವತ್ತು ಫೋನಲ್ಲಿ.”

“ನಾನೆಲ್ಲಿ ಹೇಳಿದೆ?” ಎಂದರು ಪ್ರೊಫೆಸರ್, ಇನ್ನೂ ನಗುತ್ತಾ. ನಗು ಅವರ ಮುಖದಿಂದ ಇಳಿದುಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

ಷೆಡ್ಲಿಯನ್ನು ಒಳಗೆ ಕರೆದುಕೊಂಡ ಮೇಲೆ ಪ್ರೊಫೆಸರರ ಕೋಣೆಯ ಬಾಗಿಲು ಹಾಕಿತ್ತು, ಆದರೆ ನಮ್ಮ ಆಸ್ಪತ್ರೆಯ ಬಾಗಿಲುಗಳು ಹೆಸರಿಗೆ ಬಾಗಿಲುಗಳು. ಮೊದಲು ಕುರ್ಚಿ ಎಳೆದ ಸದ್ದು. ಆಮೇಲೆ ಸಿಳ್ಳೆ.

“ಭುಜ ಜಾರಿದ್ರೆ ನಾನು ಕೂರಿಸ್ತೀನಿ. ನಾಲಿಗೆ ಜಾರಿದ್ದಕ್ಕೆ ಯಾವ ಸ್ಕ್ರೂ ಹಾಕಲಿ, ಹೇಳು.”

“ಅವನ ಕೈ ನನ್ನಿಂದ ಹೋಯ್ತು ಸರ್.”

“ಗೊತ್ತಿಲ್ಲ.”

“ಹೊಸದು ಅವನ ಪಾಲಿಗೆ ಬಂದಿತ್ತು. ನಾನು...”

“ಗೊತ್ತಿಲ್ಲ ಅಂದೆನಲ್ಲ. ಹೊಸದು ಮಾಡಿದ್ರೆ ಅವನ ಭುಜ ತಿರುಗ್ತಿತ್ತಾ, ಮತ್ತೆ ಜಾರ್ತಿತ್ತಾ, ನನಗೆ ಗೊತ್ತಿಲ್ಲ. ಗೊತ್ತಿದ್ದಿದ್ರೆ ಪರೀಕ್ಷೆ ಯಾಕೆ ಮಾಡ್ತಿದ್ದೆ? ನಿನ್ನಿಂದ ಅವನ ಕೈ ಹೋಯ್ತೋ ಇಲ್ಲವೋ ಅಂತ ತಿಳಿಯೋ ದಾರಿ ಇತ್ತಲ್ಲ, ಅದನ್ನೇ ನೀನು ಕೆಡಿಸಿದ್ದು. ಇವರಿಬ್ಬರ ಭುಜಾನೂ ಲೆಕ್ಕದಲ್ಲಿ ಹೇಗೆ ತೋರಿಸಬೇಕು, ನನ್ನ ಮಾತನ್ನ ಇನ್ನು ಯಾರು ನಂಬಬೇಕು, ಅದು ನನ್ನ ತಲೆನೋವು. ಆದದ್ದನ್ನ ಆದ ಹಾಗೆ ಬರೀತೀನಿ. ನಿನ್ನ ಕೆಲಸದ ವಿಚಾರ ಮೇಲಿನವರು ನೋಡ್ತಾರೆ. ಸಾಸಿಗೆ ನೀನೇ ಹೋಗಿ ಹೇಳು. ನಿನ್ನ ಸ್ವರದಲ್ಲಿ.”

‘ಸರಿಯಷ್ಟೆ’ ಬರಲಿಲ್ಲ. ಬಾಲವಿಲ್ಲದ ಮಾತನ್ನು ನಾವು ಅವರ ಬಾಯಿಂದ ಅಂದೇ ಮೊದಲು ಕೇಳಿದ್ದು.

ಷೆಡ್ಲಿ ಅಲ್ಲಿಂದ ನೇರವಾಗಿ ಬಂದರಿಗೆ ಹೋದ. ಸಾಸಿ ದೋಣಿಯ ನೆರಳಿನಲ್ಲಿ ಕೂತು ಮಡಕೆಗಳ ಹಗ್ಗ ಬಿಡಿಸುತ್ತಿದ್ದ. ಪಕ್ಕದಲ್ಲಿ ಪ್ಲಾಸ್ಟಿಕ್ ಚೀಲ, ಒಳಗಿನದು ಇನ್ನೂ ಅಲುಗಾಡುತ್ತಿತ್ತು.

“ನೀನೇ ಬಂದ್ಯಾ. ನಾಳೆ ತರೋಣ ಅಂತಿದ್ದೆ. ಕೂತ್ಕೋ.”

ಷೆಡ್ಲಿ ಕೂರಲಿಲ್ಲ. ನಿಂತೇ ಹೇಳಿದ. ಚೀಟಿ, ಸರದಿ, ಫೋನು, ಸ್ವರ. ಹೇಳುವಾಗ ಅವನ ಕಣ್ಣು ಚೀಲದ ಮೇಲಿತ್ತು.

ಸಾಸಿ ಹಗ್ಗ ಬಿಟ್ಟು ಅವನ ಕೈ ಹಿಡಿದುಕೊಂಡ. “ಹಾಗಾದ್ರೆ ಅಬ್ದೆಲ್ಕಾದರ್ ಹೇಳಿದ್ದು ನಿಜ. ‘ಷೆಡ್ಲಿಗೆ ಹೇಳಿದ್ದೀನಿ, ಅವನು ನೋಡಿಕೋತಾನೆ’ ಅಂದಿದ್ದ.”

“ಏನು ಹೇಳಿದ್ದ?”

“ನಾನೇ ಅವನ ಕೈಲಿ ಹೇಳಿಸಿದ್ದು, ಹೊಸದನ್ನ ನನ್ನ ಮೇಲೆ ಪ್ರಯೋಗ ಮಾಡಬೇಡಿ, ಮಕ್ಕಳೊಂದಿಗ, ಯಾರಾದ್ರೂ ಹುಡುಗನ ಮೇಲೆ ಮಾಡಿ, ನನಗೆ ಹಳೆಯದೇ ಸಾಕು ಅಂತ. ನೀನು ಮಾಡಿಸಿಕೊಟ್ಟೆ. ಮತ್ತೆ ಈ ಆಕ್ಟೋಪಸ್ ಯಾಕೆ ತರ್ತಿದ್ದೆ ಅಂದುಕೊಂಡೆ, ನಿನ್ನ ಚಂದದ ಮುಖಕ್ಕಾ?”

ಇಲ್ಲಿಗೆ ನಿಲ್ಲಿಸಬಹುದಾಗಿತ್ತು. ಅಬ್ದೆಲ್ಕಾದರ್ ಷೆಡ್ಲಿಗೆ ಎಂದೂ ಏನೂ ಹೇಳಿರಲಿಲ್ಲ. ಎಲ್ಲರಿಗೂ ‘ಹೇಳಿದ್ದೀನಿ’ ಅನ್ನುವುದೇ ಆ ಗೇಟಿನ ಕೆಲಸ. ಆದರೆ ಸಾಸಿಯ ಲೆಕ್ಕದಲ್ಲಿ ಷೆಡ್ಲಿ ಉಪಕಾರಿ. ಹೂಂ ಅಂದು ಚೀಲ ತೆಗೆದುಕೊಂಡು ಮನೆಗೆ ಹೋದರೆ ಯಾರೂ ಕೇಳುವವರಿರಲಿಲ್ಲ. ಷೆಡ್ಲಿ ಹೂಂ ಅನ್ನಲಿಲ್ಲ.

“ನನಗೆ ಯಾರೂ ಹೇಳಲಿಲ್ಲ ಸಾಸಿ. ನಿನಗೋಸ್ಕರ ಮಾಡಿದ್ದಲ್ಲ. ಮನ್ನೂಬಿಯಾ ಮಗನಿಗೋಸ್ಕರ ಮಾಡಿದ್ದು. ನೀನು ಆವತ್ತು ನನಗೆ ಬರೀ ಎರಡನೆಯವನು. ನಿನ್ನ ಮುಖಾನೂ ನೋಡಿರಲಿಲ್ಲ.”

ಸಾಸಿ ಅವನ ಕೈ ಬಿಟ್ಟ. ಹಗ್ಗ ತೆಗೆದುಕೊಂಡು ಒಂದು ಗಂಟು ಬಿಡಿಸಿದ. ಇನ್ನೊಂದು ಬಿಡಿಸಿದ.

“ಆ ಹುಡುಗನ ಕೈ ಪೂರ್ತಿ ಹಿಂದಕ್ಕೆ ಹೋಗುತ್ತಲ್ಲ” ಎಂದ.

“ಹೋಗುತ್ತೆ.”

“ಭಾನುವಾರ ಆಟದಲ್ಲಿ ನೋಡಿದೆ. ಅವನು ಎಸೆದಾಗ ನಾನೂ ಎದ್ದು ಕೂಗಿದೆ. ಕೈ ಎತ್ತೋಕೆ ಹೋದೆ, ಅರ್ಧಕ್ಕೆ ನಿಂತಿತು. ಪಕ್ಕದವನು ನಕ್ಕ.” ಅವನು ತನ್ನ ಬಲಗೈಯನ್ನು ಬೇರೆಯವರ ಕೈ ನೋಡುವಂತೆ ನೋಡಿದ. “ಅದು ನನ್ನದಿತ್ತಾ?”

“ಚೀಟಿಯಲ್ಲಿ ನಿನ್ನದೇ ಇತ್ತು. ಮಾಡಿದ್ರೆ ಕೈ ಸರಿಹೋಗ್ತಿತ್ತಾ, ಗೊತ್ತಿಲ್ಲ. ಪ್ರೊಫೆಸರಿಗೂ ಗೊತ್ತಿಲ್ಲ.”

“ನಾನು ಬೇಡ ಅಂದಿದ್ದು ನಿಜ. ಹೆದರಿಕೆ.” ಸಾಸಿ ತಲೆಯೆತ್ತಲಿಲ್ಲ. “ಆದ್ರೆ ಅದು ನನ್ನ ಹೆದರಿಕೆ. ನೀನು ಅದನ್ನ ಕೇಳಿ ಮಾಡಿದ್ದಲ್ಲ.”

ಸಾಸಿ ಎದ್ದು ಚೀಲ ತೆಗೆದುಕೊಂಡ. ಷೆಡ್ಲಿ ಕೈ ಚಾಚಲಿಲ್ಲ, ಸಾಸಿಯೂ ಕೊಡಲಿಲ್ಲ. ಚೀಲವನ್ನು ದೋಣಿಯೊಳಗಿಟ್ಟ. ಅಲ್ಲಿಂದ ಹಳೆಯದೊಂದು ಬೀಸುಬಲೆ ಹೊರತೆಗೆದ. ಸೀಸದ ಗುಂಡುಗಳಿಗೆ ತುಕ್ಕಿನಂಥ ಬಿಳಿ ಹಿಡಿದಿತ್ತು. ಅದನ್ನು ಷೆಡ್ಲಿಯ ತೋಳಿಗೆ ಹಾಕಿದ.

“ಬೆಳಿಗ್ಗೆ ಬಾ. ಎಳೆಯೋದು ನನ್ನಿಂದ ಆಗುತ್ತೆ. ಬೀಸೋದು ನೀನು.”

“ನನಗೆ ಬರಲ್ಲ.”

“ನನಗೂ ಬರಲ್ಲ ಈಗ.”

ಬೆಳಿಗ್ಗೆ ಹೋದ. ಬಂದರಿನ ಆಚೆ ಮೊಣಕಾಲು ಮುಳುಗುವ ನೀರಿನಲ್ಲಿ ಇಬ್ಬರೂ ನಿಂತರು. ದಡದಲ್ಲಿ ಹರಾಜಿಗೆ ಬಂದವರು ಬ್ರೆಡ್ಡು ತಿನ್ನುತ್ತಾ ನೋಡುತ್ತಿದ್ದರು. ಒಬ್ಬ, “ಷೆಡ್ಲಿ, ಮೀನಿನ ಸ್ವರ ಮಾಡು, ತಾವೇ ಬರ್ತವೆ” ಎಂದು ಕೂಗಿದ.

ಸಾಸಿ ಬಲೆಯ ಒಂದು ಪಾಲನ್ನು ಷೆಡ್ಲಿಯ ಹೆಗಲ ಮೇಲೆ ಹರಡಿದ, ಒಂದು ಪಾಲನ್ನು ಮೊಣಕೈಗೆ ತೂಗಿಬಿಟ್ಟ. ಸೀಸದ ಅಂಚನ್ನು ಎತ್ತಿ ಅವನ ಬಾಯಿಗೆ ಹಿಡಿದ. “ಹಲ್ಲಲ್ಲಿ ಕಚ್ಚು. ಎಸೆಯೋ ಗಳಿಗೆಯಲ್ಲಿ ಬಿಡು. ಮೊದಲೇ ಬಿಟ್ರೆ ಬಲೆ ಅರಳಲ್ಲ, ಬಿಡದಿದ್ರೆ ಹಲ್ಲು ಹೋಗುತ್ತೆ.”

ಷೆಡ್ಲಿ ಕಚ್ಚಿಕೊಂಡ. ಉಪ್ಪು, ಸೀಸ, ಹಳೆಯ ಮೀನು. ಬಲೆ ಕಚ್ಚಿದ ಬಾಯಿಂದ ಯಾರ ಸ್ವರವೂ ಹೊರಡುವುದಿಲ್ಲ. ಅವನು ಸೊಂಟ ತಿರುಗಿಸಿದ, ತನ್ನ ಸರಿಯಾದ, ಆರೋಗ್ಯವಾದ ಬಲತೋಳನ್ನು ಪೂರ್ತಿ ಹಿಂದಕ್ಕೆ ಒಯ್ದ, ಎಸೆದ. ಬಲೆ ಒದ್ದೆ ಕಂಬಳಿಯ ಮುದ್ದೆಯಂತೆ ಅವರ ಕಾಲ ಬುಡದಲ್ಲೇ ಬಿತ್ತು. ದಡದವರು ನಕ್ಕರು.

ಸಾಸಿ ನಗಲಿಲ್ಲ, ಬಯ್ಯಲಿಲ್ಲ. ಹಗ್ಗ ಹಿಡಿದು ಎಡಗೈ ಬಲಗೈ ಸೇರಿಸಿ ಬಲೆ ಎಳೆದ, ಕೊಡವಿದ, ಪಾಚಿ ಕಿತ್ತ. ಮತ್ತೆ ಒಂದು ಪಾಲು ಹೆಗಲಿಗೆ, ಒಂದು ಪಾಲು ಮೊಣಕೈಗೆ. ಅಂಚನ್ನು ಷೆಡ್ಲಿಯ ಬಾಯಿಗೆ ಹಿಡಿದ.

“ಇನ್ನೊಮ್ಮೆ” ಎಂದ.